ಯಾರು ಯಾರಿಗೆ ಕಾಯುತ್ತಿದ್ದಾರೆ? ಕನ್ಚೆರ್ಟೊ ಕೇಳುವವರಿಗೆ ಒಂದು ಮಾರ್ಗದರ್ಶಿ

5 ನಿಮಿಷದ ಒಂದು ತುಣುಕಿನಿಂದ ಶುರು ಮಾಡೋಣ. ಬೀಥೋವನ್ ಬರೆದ ನಾಲ್ಕನೇ ಪಿಯಾನೋ ಕನ್ಚೆರ್ಟೊ (ಒಬ್ಬ ವಾದಕರಿಗೂ ದೊಡ್ಡ ವಾದ್ಯವೃಂದಕ್ಕೂ ಸೇರಿಸಿ ಬರೆದ ಕೃತಿ), ಅದರ ಎರಡನೇ ಭಾಗ. ಯೂಟ್ಯೂಬ್‌ನಲ್ಲಿ ಹುಡುಕಿದರೆ ಎಷ್ಟೋ ಸಿಗುತ್ತವೆ. ಯಾವುದಾದರೂ ಸರಿ. ಹೆಡ್‌ಫೋನ್ ಹಾಕಿಕೊಂಡು ಸುಮ್ನೆ ಕೂತುಕೊಳ್ಳಿ.

ಮೊದಲು ತಂತಿವಾದ್ಯಗಳೆಲ್ಲ ಒಟ್ಟಾಗಿ ಗದರುತ್ತವೆ. ಎಲ್ಲರದೂ ಒಂದೇ ಸ್ವರಸಾಲು, ಗಡುಸಾದ ದನಿ. ಅದು ನಿಂತ ಮೇಲೆ ಪಿಯಾನೋ ತುಂಬಾ ಮೆತ್ತಗೆ ಉತ್ತರ ಕೊಡುತ್ತದೆ. ಮತ್ತೆ ಗದರಿಕೆ. ಮತ್ತೆ ಅದೇ ಮೆತ್ತನೆಯ ಉತ್ತರ. ಆ ಗದರಿಕೆಗೆ ಪ್ರತಿಯಾಗಿ ಪಿಯಾನೋ ದನಿ ಏರಿಸುವುದಿಲ್ಲ. ಸ್ವಲ್ಪ ಹೊತ್ತಿಗೆ ಗದರಿಕೆಗಳು ಚಿಕ್ಕದಾಗುತ್ತವೆ, ಬಿಗಿ ಸಡಿಲುತ್ತದೆ. ಕೊನೆಕೊನೆಗೆ ಗದರುತ್ತಿದ್ದವರೇ ಪಿಸುಗುಡುತ್ತಾರೆ.

ಇದು ಕೇಳಿಸಿತು ಅಂದರೆ ನಿಮಗೆ ಕನ್ಚೆರ್ಟೊ ಕೇಳಲು ಬಂದ ಹಾಗೆಯೇ. ಉಳಿದದ್ದು ಅಭ್ಯಾಸ.

ನಮ್ಮಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಅಂದರೆ ಹಿಂಜರಿಯುವವರು ಜಾಸ್ತಿ. "ಅದೆಲ್ಲ ನಮಗೆ ಅರ್ಥ ಆಗಲ್ಲ" ಅನ್ನುತ್ತಾರೆ. ನಾನು ಹಾಗೆ ಒಪ್ಪುವುದಿಲ್ಲ. ಬೆಂಗಳೂರಿನ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಛೇರಿಗಳಲ್ಲಿ ಕೂತು ಬೆಳೆದ ಕಿವಿ ನನ್ನದು. ಗಾಯಕಿ ಒಂದು ಸುತ್ತು ಸ್ವರ ಹಾಡಿ ಪಿಟೀಲಿನವರ ಕಡೆ ತಿರುಗುತ್ತಾರಲ್ಲ, ಅವರೇನು ಹೇಳುತ್ತಾರೋ ಎಂದು ನಾವು ಉಸಿರು ಬಿಗಿಹಿಡಿದು ಕಾಯುತ್ತೇವಲ್ಲ, ಅಷ್ಟು ಗೊತ್ತಿದ್ದರೆ ಸಾಕು. ಕನ್ಚೆರ್ಟೊದ ಜೀವವೂ ಅಲ್ಲೇ ಇದೆ. ಯಾರು ಯಾರಿಗೆ ಕಾಯುತ್ತಿದ್ದಾರೆ ಎನ್ನುವುದನ್ನು ಹಿಡಿದರೆ ಮಿಕ್ಕದ್ದೆಲ್ಲ ತಾನಾಗಿ ತೆರೆದುಕೊಳ್ಳುತ್ತದೆ.

ಮೊದಲ ಹೆಜ್ಜೆ: ನಾಲ್ಕೈದು ಪದ ಸಾಕು

ಆರ್ಕೆಸ್ಟ್ರಾ ಅಂದ ತಕ್ಷಣ ನಮಗೆ ಗಣೇಶನ ಹಬ್ಬದ ಪೆಂಡಾಲಿನ ಸಿನಿಮಾ ಹಾಡುಗಳು ನೆನಪಾಗುತ್ತವೆ. ಇಲ್ಲಿ ಅದು ಪಿಟೀಲು, ದೊಡ್ಡ ಪಿಟೀಲಿನಂಥ ಚೆಲ್ಲೊ, ಕೊಳಲು, ನಾಗಸ್ವರದ ಹಾಗೆ ಊದುವ ಓಬೋ, ತುತ್ತೂರಿ, ಡ್ರಮ್ ಎಲ್ಲ ಸೇರಿದ ದೊಡ್ಡ ವಾದ್ಯವೃಂದ. ಅದನ್ನು ನಡೆಸುವವರು ಕಂಡಕ್ಟರ್. ಅವರ ಕೈಯಲ್ಲಿನ ಸಣ್ಣ ಕಡ್ಡಿ ಬ್ಯಾಟನ್. ಒಬ್ಬ ವಾದಕರನ್ನು ಮುಂದೆ ನಿಲ್ಲಿಸಿ, ಅವರಿಗೂ ಇಡೀ ವೃಂದಕ್ಕೂ ಸೇರಿಸಿ ಬರೆದ ಕೃತಿ ಕನ್ಚೆರ್ಟೊ. ಮುಂದೆ ನಿಂತವರು ಸೋಲೋ ವಾದಕರು. ಕೃತಿಯಲ್ಲಿ ಸಾಮಾನ್ಯವಾಗಿ ಮೂರು ಭಾಗ ಇರುತ್ತವೆ: ಚುರುಕು, ನಿಧಾನ, ಮತ್ತೆ ಚುರುಕು. ಇವಕ್ಕೆ ಮೂವ್‌ಮೆಂಟ್ ಅನ್ನುತ್ತಾರೆ. ಇನ್ನೊಂದು ಪದ ಕೆಡೆನ್ಜಾ, ಅಂದರೆ ಸೋಲೋ ವಾದಕರು ಒಬ್ಬರೇ ನುಡಿಸುವ ಜಾಗ. ಅದಕ್ಕೆ ಆಮೇಲೆ ಬರುತ್ತೇನೆ.

ಒಂದು ಮುಖ್ಯ ವ್ಯತ್ಯಾಸ ನೆನಪಿಡಿ. ನಮ್ಮ ಕಛೇರಿಯಲ್ಲಿ ಗಾಯಕರೇ ತೊಡೆ ತಟ್ಟಿ ತಾಳ ಹಾಕುತ್ತಾರೆ, ಪಕ್ಕವಾದ್ಯದವರು ಅನುಸರಿಸುತ್ತಾರೆ. ಯಜಮಾನಿಕೆ ಯಾರದು ಎಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ. ಕನ್ಚೆರ್ಟೊದಲ್ಲಿ ತಾಳ ಕಂಡಕ್ಟರ್ ಕೈಯಲ್ಲಿ, ಮುಖ್ಯ ರಾಗ ಸೋಲೋ ವಾದಕರ ಕೈಯಲ್ಲಿ. ವೇಗ ಯಾರದು? ಎಲ್ಲಿ ಸ್ವಲ್ಪ ಎಳೆಯಬೇಕು, ಎಲ್ಲಿ ಓಡಬೇಕು, ಯಾರು ಹೇಳಬೇಕು? ಇಬ್ಬರಿಗೂ ಅಭಿಪ್ರಾಯ ಇರುತ್ತದೆ. ಸ್ವಾರಸ್ಯ ಶುರುವಾಗುವುದೇ ಇಲ್ಲಿಂದ.

ಎರಡನೇ ಹೆಜ್ಜೆ: ಒಂದೇ ಕೃತಿಯನ್ನು 15 ದಿನ ಕೇಳಿ

ಹೊಸಬರು ಮಾಡುವ ತಪ್ಪು ಒಂದೇ. ದಿನಕ್ಕೊಂದು ಹೊಸ ಕೃತಿ ಕೇಳಿ, ಎಲ್ಲ ಒಂದೇ ಥರ ಅನ್ನಿಸಿ ಬಿಟ್ಟುಬಿಡುತ್ತಾರೆ. ಒಂದನ್ನೇ ಹಿಡಿಯಿರಿ. ನಾನು ಹೇಳುವುದು ಮೆಂಡೆಲ್ಸನ್ ಬರೆದ ಇ ಮೈನರ್ ಪಿಟೀಲು ಕನ್ಚೆರ್ಟೊ. ಅರ್ಧ ಗಂಟೆಯೊಳಗೆ ಮುಗಿಯುತ್ತದೆ. 1845ರ ಮಾರ್ಚ್ 13ರಂದು ಜರ್ಮನಿಯ ಲೈಪ್‌ಸಿಗ್‌ನಲ್ಲಿ ಮೊದಲು ನುಡಿಸಿದ್ದು ಫರ್ಡಿನಾಂಡ್ ಡೇವಿಡ್. ಆತ ಮೆಂಡೆಲ್ಸನ್‌ನ ಗೆಳೆಯ, ಅಲ್ಲಿನ ವಾದ್ಯವೃಂದದ ಮೊದಲ ಪಿಟೀಲುವಾದಕ. ಬರೆಯುವಾಗ ಉದ್ದಕ್ಕೂ ಡೇವಿಡ್‌ನ ಸಲಹೆ ಕೇಳಿಕೊಂಡೇ ಬರೆದ ಕೃತಿ ಅದು.

ಮೊದಲ ಮೂರು ದಿನ ಏನನ್ನೂ ಹುಡುಕಬೇಡಿ. ಅಡುಗೆ ಮಾಡುವಾಗ, ಬಸ್ಸಿನಲ್ಲಿ, ಸುಮ್ನೆ ಹಾಕಿಕೊಳ್ಳಿ. ಮುಖ್ಯ ರಾಗ ಬಾಯಲ್ಲಿ ಗುನುಗುವಷ್ಟು ಹಿಡಿಯಲಿ. ಆಮೇಲೆ ಮೂರು ಜಾಗ ಗುರುತು ಮಾಡಿಕೊಳ್ಳಿ.

ಒಂದು, ಆರಂಭ. ಆ ಕಾಲದ ಕನ್ಚೆರ್ಟೊಗಳಲ್ಲಿ ಮೊದಲು ಆರ್ಕೆಸ್ಟ್ರಾ ಎರಡು ಮೂರು ನಿಮಿಷ ನುಡಿಸಿ ವೇದಿಕೆ ಹದ ಮಾಡಬೇಕು, ಸೋಲೋ ವಾದಕರು ಆಮೇಲೆ ಬರಬೇಕು. ಇದು ವಾಡಿಕೆ. ಮೆಂಡೆಲ್ಸನ್ ಅದನ್ನು ಕೈಬಿಟ್ಟ. ಆರ್ಕೆಸ್ಟ್ರಾ ಇನ್ನೂ ಉಸಿರು ಎಳೆದುಕೊಳ್ಳುತ್ತಿರುವಾಗಲೇ ಪಿಟೀಲು ಹಾಡಲು ತೊಡಗುತ್ತದೆ.

ಎರಡು, ಮೊದಲ ಭಾಗದ ನಡುವಿನ ಕೆಡೆನ್ಜಾ ಮುಗಿಯುವ ಜಾಗ. ಪಿಟೀಲು ಒಂಟಿಯಾಗಿ ನುಡಿಸುತ್ತಾ ಬಂದು, ಬಿಲ್ಲನ್ನು ತಂತಿಗಳ ಮೇಲೆ ಪುಟಿಸುತ್ತಾ ಒಂದೇ ಸಮನೆ ಸುತ್ತು ಹಾಕುತ್ತದೆ. ಅದರ ಅಡಿಯಿಂದ ಆರ್ಕೆಸ್ಟ್ರಾ ಮೆಲ್ಲಗೆ ಎದ್ದು ಮುಖ್ಯ ರಾಗವನ್ನು ಎತ್ತಿಕೊಳ್ಳುತ್ತದೆ. ಪಿಟೀಲು ನಿಲ್ಲಿಸುವುದಿಲ್ಲ, ತನ್ನ ಸುತ್ತು ಮುಂದುವರಿಸುತ್ತದೆ. ಗಮನಿಸಿದಿರಾ? ಇಲ್ಲಿಯವರೆಗೆ ಮುಂದಿದ್ದವರು ಈಗ ಪಕ್ಕವಾದ್ಯ ಆಗಿದ್ದಾರೆ. ಈ ಬದಲಾವಣೆ ಎಷ್ಟು ನಯವಾಗಿ ಆಗುತ್ತದೆ ಎನ್ನುವುದರ ಮೇಲೆ ಆ ದಿನದ ಜೋಡಿ ಎಂಥದ್ದು ಎಂದು ಹೇಳಿಬಿಡಬಹುದು.

ಮೂರು, ಮೊದಲ ಭಾಗ ಜೋರಾಗಿ ಮುಗಿದರೂ ಬಸೂನ್ ಎಂಬ ಊದುವ ವಾದ್ಯ ಒಂದು ಸ್ವರವನ್ನು ಹಿಡಿದೇ ಇರುತ್ತದೆ. ಅದನ್ನು ಹಿಡಿದುಕೊಂಡೇ ಎರಡನೇ ಭಾಗಕ್ಕೆ ದಾಟುತ್ತೇವೆ. ಚಪ್ಪಾಳೆ ತಟ್ಟಲು ಜಾಗವೇ ಇಲ್ಲ.

ಮೂರನೇ ಹೆಜ್ಜೆ: ಕಣ್ಣಿನಿಂದಲೂ ಕೇಳಿ

ಇದನ್ನು ವಿಡಿಯೋದಲ್ಲಿ ಮಾಡಬೇಕು. ವೇದಿಕೆಯ ನಕ್ಷೆ ಮೊದಲು ತಿಳಿದುಕೊಳ್ಳಿ. ಪಿಟೀಲು ಅಥವಾ ಚೆಲ್ಲೊ ಆದರೆ ಸೋಲೋ ವಾದಕರು ಕಂಡಕ್ಟರ್‌ನ ಎಡಗೈ ಪಕ್ಕದಲ್ಲಿ, ನಮ್ಮ ಕಡೆ ಮುಖ ಮಾಡಿ ಇರುತ್ತಾರೆ. ಪಿಯಾನೋ ಆದರೆ ಅದನ್ನು ಅಡ್ಡವಾಗಿ ಇಟ್ಟು, ಮುಚ್ಚಳ ನಮ್ಮ ಕಡೆ ತೆರೆದಿರುತ್ತಾರೆ. ಕಂಡಕ್ಟರ್ ಪಿಯಾನೋದ ಆಚೆ ನಿಲ್ಲುತ್ತಾರೆ. ಅಂದರೆ ಇಬ್ಬರೂ ಎದುರುಬದುರು ಇರುವುದಿಲ್ಲ. ನೋಡಬೇಕಾದರೆ ಯಾರಾದರೊಬ್ಬರು ತಲೆ ತಿರುಗಿಸಲೇಬೇಕು. ಯಾರು, ಯಾವಾಗ ತಿರುಗಿಸುತ್ತಾರೆ ನೋಡಿ.

ಶುರುವಿಗೂ ಮೊದಲು ಶ್ರುತಿ ಸೇರಿಸುತ್ತಾರೆ. ಸಾಮಾನ್ಯವಾಗಿ ಓಬೋ ಒಂದು ಸ್ವರ ಕೊಡುತ್ತದೆ, ಎಲ್ಲರೂ ಅದಕ್ಕೆ ಕೂಡಿಕೊಳ್ಳುತ್ತಾರೆ. ಪಿಯಾನೋ ಕನ್ಚೆರ್ಟೊ ಆದರೆ ಆ ಸ್ವರವನ್ನು ಪಿಯಾನೋದಿಂದಲೇ ತೆಗೆದುಕೊಳ್ಳುವುದು ರೂಢಿ. ಕಾರಣ ಸರಳ. ಓಬೋ, ಪಿಟೀಲು ಸ್ವಲ್ಪ ಆಚೀಚೆ ಬಗ್ಗುತ್ತವೆ, ಪಿಯಾನೋ ಆ ಹೊತ್ತಿನಲ್ಲಿ ಬಗ್ಗುವುದಿಲ್ಲ. ಬಗ್ಗಲಾಗದವರಿಗೆ ಉಳಿದವರು ಹೊಂದಿಕೊಳ್ಳುತ್ತಾರೆ. ನಮ್ಮ ತಂಬೂರಿಯ ಮರ್ಯಾದೆ ನೆನಪಾಗುತ್ತದೆ.

ಈಗ ಕಂಡಕ್ಟರ್‌ನ ಕೈಗಳು. ಬಲಗೈ ಹೆಚ್ಚಾಗಿ ತಾಳ. ನಾಲ್ಕು ಎಣಿಕೆ ಆದರೆ ಕೆಳಗೆ, ಎಡಕ್ಕೆ, ಬಲಕ್ಕೆ, ಮೇಲಕ್ಕೆ. ಮೂರಾದರೆ ಕೆಳಗೆ, ಬಲಕ್ಕೆ, ಮೇಲಕ್ಕೆ. ಮೊದಲ ಪೆಟ್ಟು ಯಾವಾಗಲೂ ಕೆಳಕ್ಕೆ ಬೀಳುತ್ತದೆ. ನಮ್ಮ ಸಮ ಅಂದುಕೊಳ್ಳಿ. ಎಡಗೈ ಭಾವಕ್ಕೆ: ಅಂಗೈ ಕೆಳಗೆ ಮಾಡಿ ಒತ್ತಿದರೆ "ಮೆಲ್ಲಗೆ", ಮೇಲೆತ್ತಿದರೆ "ಇನ್ನಷ್ಟು ಕೊಡಿ". ಕನ್ಚೆರ್ಟೊದಲ್ಲಿ ಆ ಎಡಗೈ ಜಾಸ್ತಿ ಹೊತ್ತು ಒತ್ತುತ್ತಲೇ ಇರುತ್ತದೆ. ಒಂದು ಪಿಟೀಲಿನ ದನಿಯನ್ನು ಹತ್ತಾರು ವಾದ್ಯಗಳು ನುಂಗಿಬಿಡಬಾರದಲ್ವಾ? ಮೊಟ್ಸಾರ್ಟ್ ಕನ್ಚೆರ್ಟೊಗಳಿಗೆ ತಂತಿವಾದ್ಯದವರ ಸಂಖ್ಯೆಯನ್ನೇ ಕಡಿಮೆ ಮಾಡಿಕೊಳ್ಳುವವರು ಬಹಳ.

ಎಲ್ಲಕ್ಕಿಂತ ಕಷ್ಟದ ಕೆಲಸ ಕಣ್ಣಿಗೆ ಕಾಣುವುದೇ ಇಲ್ಲ. ಸೋಲೋ ವಾದಕರು ಒಂದು ಸ್ವರವನ್ನು ಆ ಕ್ಷಣದ ಮನಸ್ಸಿಗೆ ಬಂದಷ್ಟು ಎಳೆಯುತ್ತಾರೆ. ಅವರು ಇಳಿಯುವ ಜಾಗಕ್ಕೆ ಇಡೀ ಆರ್ಕೆಸ್ಟ್ರಾ ಸರಿಯಾಗಿ ಬಂದು ನಿಂತಿರಬೇಕು. ಆದರೆ ಕಂಡಕ್ಟರ್ ಕೈ ಸನ್ನೆ ಮಾಡಿ, ಅದನ್ನು ಕಂಡು ಅವರು ನುಡಿಸಿ, ದನಿ ಹೊರಗೆ ಬರುವಷ್ಟರಲ್ಲಿ ಒಂದು ಚಣ ಕಳೆದಿರುತ್ತದೆ. ಹಾಗಾಗಿ ಕಂಡಕ್ಟರ್ ಕೇಳಿಸಿಕೊಂಡು ಹಿಂಬಾಲಿಸಿದರೆ ತಡವಾಯಿತು ಅಂತಲೇ ಲೆಕ್ಕ. ವಾದಕರ ಉಸಿರು, ಭುಜ, ಬಿಲ್ಲು ಎತ್ತುವ ರೀತಿ ನೋಡಿ ಮೊದಲೇ ಊಹಿಸಬೇಕು. ಒಳ್ಳೆಯ ಮೃದಂಗದವರು ಗಾಯಕರ ಬಾಯಿ ನೋಡಿಯೇ ಮುಂದಿನ ಸಂಗತಿಗೆ ಸಿದ್ಧವಾಗುತ್ತಾರಲ್ಲ, ಅದೇ ಬಗೆಯ ಬುದ್ಧಿ. ಒಬ್ಬರ ಬದಲು ಇಲ್ಲಿ 60, 70 ಜನರನ್ನು ಜೊತೆಗೆ ಕರೆದುಕೊಂಡು ಹೋಗಬೇಕು.

ನಾಲ್ಕನೇ ಹೆಜ್ಜೆ: ಕಾಯುವವರನ್ನು ನೋಡಿ

ಬೀಥೋವನ್‌ನ ಪಿಟೀಲು ಕನ್ಚೆರ್ಟೊ ಟಿಂಪನಿ ಡ್ರಮ್ಮಿನ ಐದು ಮೆಲ್ಲನೆಯ ಪೆಟ್ಟುಗಳಿಂದ ಶುರುವಾಗುತ್ತದೆ. ಸೋಲೋ ವಾದಕರು ಮುಂದೆ ನಿಂತೇ ಇರುತ್ತಾರೆ. ಮೂರು ನಿಮಿಷಕ್ಕೂ ಜಾಸ್ತಿ ಅವರಿಗೆ ಕೆಲಸವಿಲ್ಲ. ಆ ಹೊತ್ತಿನಲ್ಲಿ ಅವರ ಮುಖ ನೋಡಿ. ಕೆಲವರು ಆರ್ಕೆಸ್ಟ್ರಾ ಕಡೆ ತಿರುಗಿ ಕೇಳುತ್ತಾರೆ. ಕೆಲವರು ಮೊದಲ ಪಿಟೀಲಿನವರ ಜೊತೆ ಮೆಲ್ಲಗೆ ಸೇರಿ ನುಡಿಸಿಬಿಡುತ್ತಾರೆ. ಆ ಮೂರು ನಿಮಿಷದಲ್ಲಿ ಕಂಡಕ್ಟರ್ ವೇಗವನ್ನು, ಮನಸ್ಥಿತಿಯನ್ನು ತೀರ್ಮಾನ ಮಾಡಿ ಆಗಿರುತ್ತದೆ. ಸೋಲೋ ವಾದಕರು ಅದನ್ನು ಒಪ್ಪುತ್ತಾರೋ, ಮೆಲ್ಲಗೆ ಬೇರೆ ಕಡೆ ಎಳೆಯುತ್ತಾರೋ ಎನ್ನುವುದು ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ.

ಈ ಕೃತಿಗೆ ಒಂದು ಒಳ್ಳೆಯ ಕತೆ ಇದೆ. 1806ರಲ್ಲಿ ವಿಯೆನ್ನಾದಲ್ಲಿ ಮೊದಲು ನುಡಿಸಿದಾಗ ಅದು ಅಷ್ಟಾಗಿ ನಿಲ್ಲಲಿಲ್ಲ. ಎಷ್ಟೋ ವರ್ಷ ಹೆಚ್ಚು ಜನ ಮುಟ್ಟಲೂ ಇಲ್ಲ. 1844ರಲ್ಲಿ ಲಂಡನ್ನಿನಲ್ಲಿ ಅದನ್ನು ನುಡಿಸಿ ಜನರ ಮನಸ್ಸಿನಲ್ಲಿ ನಿಲ್ಲಿಸಿದ್ದು ಜೋಸೆಫ್ ಯೋಆಖಿಮ್ ಎಂಬ ಹುಡುಗ. ಆಗ ಅವನಿಗೆ 12 ವರ್ಷ. ಬ್ಯಾಟನ್ ಹಿಡಿದಿದ್ದು ಮೆಂಡೆಲ್ಸನ್. ಅದೇ ಯೋಆಖಿಮ್ 1879ರ ಜನವರಿ 1ರಂದು ಬ್ರಾಮ್ಸ್‌ನ ಪಿಟೀಲು ಕನ್ಚೆರ್ಟೊವನ್ನು ಮೊದಲ ಬಾರಿ ನುಡಿಸಿದ, ಬ್ರಾಮ್ಸ್‌ನೇ ಕಂಡಕ್ಟರ್ ಆಗಿ ನಿಂತಿದ್ದ. ಆ ಕೃತಿಯ ನಿಧಾನದ ಭಾಗದಲ್ಲಿ ಅತ್ಯಂತ ಚೆಂದದ ರಾಗವನ್ನು ಮೊದಲು ಹಾಡುವುದು ಪಿಟೀಲಲ್ಲ, ಓಬೋ. ಪಿಟೀಲಿನವರು ಎರಡು ನಿಮಿಷ ಸುಮ್ಮನೆ ನಿಂತು ಕೇಳಬೇಕು. ಸಾರಾಸಾಟೆ ಎಂಬ ಪ್ರಖ್ಯಾತ ಪಿಟೀಲುವಾದಕ ಇದೇ ಕಾರಣಕ್ಕೆ ಆ ಕೃತಿಯನ್ನು ನುಡಿಸಲು ಒಪ್ಪಲಿಲ್ಲ ಎಂಬ ಮಾತಿದೆ. ನನಗಂತೂ ಆ ಎರಡು ನಿಮಿಷವೇ ಇಷ್ಟ. ಇನ್ನೊಬ್ಬರು ಹಾಡುವುದನ್ನು ಪೂರ್ತಿ ಕೇಳಿದ ಮೇಲೆ ಪಿಟೀಲು ಬಾಯಿ ತೆರೆದಾಗ ಅದರ ದನಿಗೆ ಬೇರೆಯೇ ತೂಕ ಬಂದಿರುತ್ತದೆ.

ಕಾಯುವುದರ ಬೆಲೆ ಕಣ್ಣಾರೆ ನೋಡಬೇಕು ಅಂದರೆ ಒಂದು ವಿಡಿಯೋ ಇದೆ. ಪೋರ್ಚುಗಲ್‌ನ ಪಿಯಾನೋ ವಾದಕಿ ಮರಿಯಾ ಜುವಾವ್ ಪಿರೆಶ್ ಆಮ್‌ಸ್ಟರ್‌ಡಾಮ್‌ನ ಕನ್ಸರ್ಟ್‌ಖೆಬಾವ್ ಆರ್ಕೆಸ್ಟ್ರಾ ಜೊತೆ, ಜನರ ಎದುರಿಗೆ ನುಡಿಸಲು ಕೂತಿದ್ದಾರೆ. ಕಂಡಕ್ಟರ್ ಇಟಲಿಯ ರಿಕಾರ್ಡೊ ಶಾಯಿ. ಆರ್ಕೆಸ್ಟ್ರಾ ಶುರು ಮಾಡುತ್ತದೆ. ಮೊಟ್ಸಾರ್ಟ್‌ನ ಡಿ ಮೈನರ್, 20ನೇ ಕನ್ಚೆರ್ಟೊ. ಅವರು ಸಿದ್ಧವಾಗಿ ಬಂದಿದ್ದು ಬೇರೆ ಕನ್ಚೆರ್ಟೊಗೆ! ಅವರ ಮುಖ ಬಿದ್ದುಹೋಗುತ್ತದೆ, ಕೈ ಹಣೆಗೆ ಹೋಗುತ್ತದೆ. ಶಾಯಿ ಕೈ ಬೀಸುವುದನ್ನು ನಿಲ್ಲಿಸುವುದಿಲ್ಲ. ತಾಳ ಹಾಕುತ್ತಲೇ ಅವರ ಕಡೆ ಬಾಗಿ ನಗುತ್ತಾ ಮಾತಾಡುತ್ತಾರೆ: ನಿಮಗೆ ಇದು ಚೆನ್ನಾಗಿ ಗೊತ್ತು, ಆಗುತ್ತದೆ ಎಂಬ ಧಾಟಿಯಲ್ಲಿ. ಆರ್ಕೆಸ್ಟ್ರಾದ ಆ ಆರಂಭ ಎರಡು ನಿಮಿಷಕ್ಕೂ ಹೆಚ್ಚು ಉದ್ದ. ಅಷ್ಟರಲ್ಲಿ ಅವರು ತಮ್ಮನ್ನು ತಾವು ಕೂಡಿಸಿಕೊಂಡು, ಸರಿಯಾದ ಜಾಗದಲ್ಲಿ ಮೊದಲ ಸ್ವರ ಇಡುತ್ತಾರೆ. ಪೂರ್ತಿ ನೆನಪಿನಿಂದ. ಆ ವಿಡಿಯೋ ನೋಡಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. ಕಂಡಕ್ಟರ್ ಅಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ಮೊದಲು ತೋರಿಸುವುದು ಅದನ್ನೇ.

ಐದನೇ ಹೆಜ್ಜೆ: ಕೆಡೆನ್ಜಾ ಎಲ್ಲಿ ಮುಗಿಯುತ್ತದೆ?

ನಮ್ಮ ತನಿ ಆವರ್ತನ ಗೊತ್ತಿರುವವರಿಗೆ ಇದು ಸಲೀಸು. ಒಂದು ಜಾಗದಲ್ಲಿ ಆರ್ಕೆಸ್ಟ್ರಾ ಪೂರ್ತಿ ನಿಲ್ಲುತ್ತದೆ. ಕಂಡಕ್ಟರ್ ಕೈ ಇಳಿಸುತ್ತಾರೆ. ಸೋಲೋ ವಾದಕರು ಒಬ್ಬರೇ, ಎಷ್ಟೋ ಸಲ ಎರಡು ಮೂರು ನಿಮಿಷ. ಮೊಟ್ಸಾರ್ಟ್ ಕಾಲದಲ್ಲಿ ಇದನ್ನು ಆಗಲೇ ಕಟ್ಟಿ ನುಡಿಸುವುದು ವಾಡಿಕೆ, ನಮ್ಮ ಮನೋಧರ್ಮದ ಹಾಗೆ. ಆಮೇಲೆ ಬರೆದಿಡುವುದು ಬಂತು. ಬೀಥೋವನ್ ತನ್ನ ಪಿಟೀಲು ಕನ್ಚೆರ್ಟೊಗೆ ಪಿಟೀಲಿನ ಕೆಡೆನ್ಜಾ ಬರೆಯಲಿಲ್ಲ. ಹಾಗಾಗಿ ವಾದಕರು ಯೋಆಖಿಮ್ ಬರೆದದ್ದನ್ನೋ ಪಿಟೀಲುವಾದಕ ಕ್ರೈಸ್ಲರ್ ಬರೆದದ್ದನ್ನೋ ಆರಿಸಿಕೊಳ್ಳುತ್ತಾರೆ, ಕೆಲವರು ತಮ್ಮದೇ ಮಾಡಿಕೊಳ್ಳುತ್ತಾರೆ.

ಮುಗಿಯುವುದು ಗೊತ್ತಾಗುವುದು ಹೇಗೆ? ಹಳೆಯ ಕನ್ಚೆರ್ಟೊಗಳಲ್ಲಿ ವಾದಕರು ಕೊನೆಗೆ ಪಕ್ಕಪಕ್ಕದ ಎರಡು ಸ್ವರಗಳನ್ನು ಬೇಗಬೇಗ ನಡುಗಿಸುತ್ತಾರೆ. ಅದಕ್ಕೆ ಟ್ರಿಲ್ ಅನ್ನುತ್ತಾರೆ. ಉದ್ದನೆಯ ಟ್ರಿಲ್ ಬಂತೆಂದರೆ ಕಂಡಕ್ಟರ್ ಕೈ ಎತ್ತುತ್ತಾರೆ, ಬಿಲ್ಲುಗಳೆಲ್ಲ ತಂತಿಯ ಹತ್ತಿರ ಬರುತ್ತವೆ. ತನಿಯಲ್ಲಿ ಮೋಹರಾ ಕೇಳಿದ ತಕ್ಷಣ ಗಾಯಕರು ನೆಟ್ಟಗಾಗಿ ಕೂರುತ್ತಾರಲ್ಲ, ಹಾಗೆ. ಆ ಟ್ರಿಲ್ ಎಷ್ಟು ಉದ್ದ ಎನ್ನುವುದು ವಾದಕರ ಇಷ್ಟ. ಅದು ಮುಗಿಯುವ ಚಣಕ್ಕೆ ಸರಿಯಾಗಿ ಆರ್ಕೆಸ್ಟ್ರಾ ಇಳಿಯಬೇಕು. ಬೀಥೋವನ್‌ನ ಪಿಟೀಲು ಕನ್ಚೆರ್ಟೊದಲ್ಲಿ ಈ ಜಾಗ ವಿಶೇಷ. ಎಲ್ಲರೂ ಜೋರಾಗಿ ನುಗ್ಗುತ್ತಾರೆ ಅಂದುಕೊಂಡಿರುತ್ತೇವೆ. ಅವರು ಬರುವುದು ಪಿಸುಮಾತಿನಲ್ಲಿ, ತಂತಿಗಳನ್ನು ಬೆರಳಿನಿಂದ ಮೀಟುತ್ತಾ. ಪಿಟೀಲು ತನ್ನ ಕೆಳಗಿನ ತಂತಿಗಳಲ್ಲಿ ಸರಳವಾಗಿ ಹಾಡುತ್ತದೆ. ಅಷ್ಟು ಕಸರತ್ತಿನ ನಂತರ ಆ ಸರಳತೆ!

ಆರನೇ ಹೆಜ್ಜೆ: ಒಂದು ಭಿನ್ನಾಭಿಪ್ರಾಯ ಕೇಳಿ

1962ರ ಏಪ್ರಿಲ್ 6, ನ್ಯೂಯಾರ್ಕ್‌ನ ಕಾರ್ನೆಗಿ ಹಾಲ್. ನ್ಯೂಯಾರ್ಕ್ ಫಿಲಾರ್ಮಾನಿಕ್ ಆರ್ಕೆಸ್ಟ್ರಾ. ಕಂಡಕ್ಟರ್ ಲಿಯೊನಾರ್ಡ್ ಬರ್ನ್‌ಸ್ಟೈನ್. ಪಿಯಾನೋಗೆ ಕೆನಡಾದ ಗ್ಲೆನ್ ಗೂಲ್ಡ್. ಕೃತಿ ಬ್ರಾಮ್ಸ್‌ನ ಮೊದಲ ಪಿಯಾನೋ ಕನ್ಚೆರ್ಟೊ. ಗೂಲ್ಡ್ ಅದನ್ನು ತುಂಬಾ ನಿಧಾನವಾಗಿ ನುಡಿಸಬೇಕು ಎಂದು ತೀರ್ಮಾನಿಸಿದ್ದರು. ಬರ್ನ್‌ಸ್ಟೈನ್‌ಗೆ ಒಪ್ಪಿಗೆ ಇರಲಿಲ್ಲ. ಅವರು ಏನು ಮಾಡಿದರು ಗೊತ್ತಾ? ಗೂಲ್ಡ್ ವೇದಿಕೆಗೆ ಬರುವ ಮೊದಲು ತಾವೇ ಬಂದು, ಸಭೆಯ ಮುಂದೆ ಆ ಮಾತನ್ನು ಬಿಚ್ಚಿ ಹೇಳಿದರು. ಈಗ ನೀವು ಕೇಳುವುದು ಬೇರೆ ಥರದ ಬ್ರಾಮ್ಸ್, ನನಗೆ ಇದು ಪೂರ್ತಿ ಒಪ್ಪಿಗೆ ಇಲ್ಲ ಎಂದರು. ಆಮೇಲೆ ಕೇಳಿದರು: ಕನ್ಚೆರ್ಟೊದಲ್ಲಿ ಯಜಮಾನ ಯಾರು, ಸೋಲೋ ವಾದಕನಾ, ಕಂಡಕ್ಟರಾ? ಕೆಲವೊಮ್ಮೆ ಇವರು, ಕೆಲವೊಮ್ಮೆ ಅವರು, ಹೇಗೋ ಒಂದು ದಾರಿ ಹುಡುಕಿಕೊಳ್ಳುತ್ತೇವೆ, ಈ ಸಲ ಮಾತ್ರ ನಮ್ಮಿಬ್ಬರ ನಡುವೆ ಅಂತರ ತುಂಬಾ ದೊಡ್ಡದು ಎಂದರು. ಹಾಗಿದ್ದರೆ ಯಾಕೆ ನಡೆಸಿಕೊಡುತ್ತಿದ್ದೀರಿ? ಅದಕ್ಕೂ ಉತ್ತರ ಕೊಟ್ಟರು. ಗೂಲ್ಡ್ ಎಷ್ಟು ಗಂಭೀರ ಕಲಾವಿದ ಎಂದರೆ ಅವರು ಪ್ರಾಮಾಣಿಕವಾಗಿ ಯೋಚಿಸಿದ್ದನ್ನು ನಾನು ಗೌರವದಿಂದ ತೆಗೆದುಕೊಳ್ಳಲೇಬೇಕು ಎಂದು.

ಈ ಮಾತಿಗೆ ಗೂಲ್ಡ್ ಮೊದಲೇ ಒಪ್ಪಿದ್ದರು. ಆದರೂ ಮರುದಿನದಿಂದ ಗಲಾಟೆ ಎದ್ದಿತು. ಕಂಡಕ್ಟರ್ ತನ್ನ ವಾದಕನನ್ನು ಬಿಟ್ಟುಕೊಟ್ಟರು ಎಂದವರೂ ಇದ್ದರು. ನಾನು ಹಾಗೆ ನೋಡುವುದಿಲ್ಲ. ಒಪ್ಪಿಗೆ ಇಲ್ಲ ಎಂದವರು ಆಮೇಲೆ ಸುಮಾರು 53 ನಿಮಿಷ ಆ ವೇಗದಲ್ಲೇ ಇಡೀ ಆರ್ಕೆಸ್ಟ್ರಾವನ್ನು ಹಿಡಿದು ನಿಲ್ಲಿಸಿದರಲ್ಲ, ಅದನ್ನು ಕೇಳಿ. ಧ್ವನಿಮುದ್ರಿಕೆ ಸಿಗುತ್ತದೆ, ಬರ್ನ್‌ಸ್ಟೈನ್ ಮಾತೂ ಅದರಲ್ಲಿದೆ. ಎಲ್ಲೂ ಎಳೆದಾಟ ಇಲ್ಲ, ಸೇಡಿನ ಓಟ ಇಲ್ಲ. ಇನ್ನೊಬ್ಬರ ಯೋಚನೆಯನ್ನು ಅವರಿಗಾಗಿ ಹೊತ್ತು ನಡೆಯುವುದು ದೊಡ್ಡ ಕೆಲಸ. ಮುಂದೆ 1983ರಲ್ಲಿ ಬರ್ನ್‌ಸ್ಟೈನ್ ಇದೇ ಕೃತಿಯನ್ನು ವಿಯೆನ್ನಾದಲ್ಲಿ ಪಿಯಾನೋ ವಾದಕ ಕ್ರಿಸ್ಟಿಯಾನ್ ಜಿಮರ್‌ಮನ್ ಜೊತೆ ನಡೆಸಿಕೊಟ್ಟರು. ಅದೂ ಸುಮಾರು ಅಷ್ಟೇ ನಿಧಾನ! ಎರಡನ್ನೂ ಒಂದಾದ ಮೇಲೊಂದು ಕೇಳಿ. ಒಂದರಲ್ಲಿ ನಿಧಾನವನ್ನು ಒಪ್ಪಿಕೊಂಡ ದನಿ, ಇನ್ನೊಂದರಲ್ಲಿ ನಿಧಾನವನ್ನು ನಂಬಿದ ದನಿ. ಈ ವ್ಯತ್ಯಾಸ ನಿಮಗೆ ಕೇಳಿಸಿದ ದಿನ ನನ್ನನ್ನು ನೆನಪಿಸಿಕೊಳ್ಳಿ.

ಇದರ ಇನ್ನೊಂದು ತುದಿಯೂ ಇದೆ. 1928ರ ಜನವರಿಯಲ್ಲಿ ಅದೇ ಕಾರ್ನೆಗಿ ಹಾಲ್‌ನಲ್ಲಿ ವ್ಲಾಡಿಮಿರ್ ಹೊರೊವಿಟ್ಜ್ ಅಮೆರಿಕದಲ್ಲಿ ಮೊದಲ ಸಲ ನುಡಿಸಿದರು. ಚೈಕೊವ್‌ಸ್ಕಿಯ ಮೊದಲ ಪಿಯಾನೋ ಕನ್ಚೆರ್ಟೊ. ಕಂಡಕ್ಟರ್ ಥಾಮಸ್ ಬೀಚಮ್ ನಿಧಾನವಾಗಿ ಹೋಗುತ್ತಿದ್ದಾರೆ ಅನ್ನಿಸಿ, ಕೊನೆಯ ಭಾಗದಲ್ಲಿ ಹೊರೊವಿಟ್ಜ್ ಕಾಯದೆ ಓಡಿಬಿಟ್ಟರು. ಜನ ಹುಚ್ಚೆದ್ದು ಚಪ್ಪಾಳೆ ತಟ್ಟಿದರು. ಒಬ್ಬ ವಾದಕನಾಗಿ ಅವರು ಗೆದ್ದರು. ಕನ್ಚೆರ್ಟೊ ಗೆಲ್ಲಲಿಲ್ಲ.

ಏಳನೇ ಹೆಜ್ಜೆ: ತಾಲೀಮಿನ ಬೆಲೆ ತಿಳಿಯಿರಿ

ಸೋಲೋ ವಾದಕರು ಊರಿಂದ ಊರಿಗೆ ಹಾರುವವರು. ಸಾಮಾನ್ಯವಾಗಿ ಕಾರ್ಯಕ್ರಮಕ್ಕೆ ಒಂದೆರಡು ದಿನ ಮೊದಲು ಬರುತ್ತಾರೆ. ಕಂಡಕ್ಟರ್ ಜೊತೆ ಕೋಣೆಯಲ್ಲಿ ಕೂತು ವೇಗ, ನಿಲ್ಲುವ ಜಾಗ ಮಾತಾಡಿಕೊಳ್ಳುತ್ತಾರೆ. ಆಮೇಲೆ ಆರ್ಕೆಸ್ಟ್ರಾ ಜೊತೆ ಒಂದೆರಡು ತಾಲೀಮು. ಅಷ್ಟೇ. ಆ ಸ್ವಲ್ಪ ಹೊತ್ತೂ ಸಿಗದೆ ಹೋದರೆ ಏನಾಗುತ್ತದೆ?

ಇಂಗ್ಲೆಂಡಿನ ಎಲ್ಗರ್ ಬರೆದ ಚೆಲ್ಲೊ ಕನ್ಚೆರ್ಟೊ 1919ರ ಅಕ್ಟೋಬರ್ 27ರಂದು ಲಂಡನ್ನಿನ ಕ್ವೀನ್ಸ್ ಹಾಲ್‌ನಲ್ಲಿ ಮೊದಲು ನಡೆಯಿತು. ಎಲ್ಗರ್ ತಾವೇ ಕಂಡಕ್ಟರ್, ಚೆಲ್ಲೊ ಫೆಲಿಕ್ಸ್ ಸಾಲ್ಮಂಡ್. ಆ ಸಂಜೆಯ ಬೇರೆ ಕೃತಿಗಳನ್ನು ನಡೆಸಿದ ಇನ್ನೊಬ್ಬ ಕಂಡಕ್ಟರ್ ತಾಲೀಮಿನ ಸಮಯವನ್ನೆಲ್ಲ ತಮ್ಮದಕ್ಕೇ ಬಳಸಿಕೊಂಡರು. ಕಾರ್ಯಕ್ರಮ ಕೆಟ್ಟಿತು. ಎಲ್ಗರ್ ಮನಸ್ಸು ಮುರಿಯಿತು.

ಆ ರಾತ್ರಿ ಆರ್ಕೆಸ್ಟ್ರಾದ ಚೆಲ್ಲೊ ಸಾಲಿನಲ್ಲಿ ಒಬ್ಬ ಯುವಕ ಕೂತಿದ್ದ. ಹೆಸರು ಜಾನ್ ಬಾರ್ಬಿರೋಲಿ. ಮುಂದೆ ದೊಡ್ಡ ಕಂಡಕ್ಟರ್ ಆದರು. 46 ವರ್ಷ ಕಳೆದ ಮೇಲೆ, 1965ರಲ್ಲಿ, ಅವರೇ ಲಂಡನ್ ಸಿಂಫನಿ ಆರ್ಕೆಸ್ಟ್ರಾ ಜೊತೆ ನಿಂತು ಇದೇ ಕನ್ಚೆರ್ಟೊವನ್ನು ಧ್ವನಿಮುದ್ರಿಸಿದರು. ಚೆಲ್ಲೊ ನುಡಿಸಿದ್ದು 20 ವರ್ಷದ ಜಾಕ್ವೆಲಿನ್ ಡು ಪ್ರೇ. ಇದನ್ನು ಕೇಳದೆ ಇರಬೇಡಿ. ಮೊದಲಿಗೇ ಚೆಲ್ಲೊ ಒಬ್ಬಂಟಿಯಾಗಿ ಬಿಕ್ಕುವ ಹಾಗೆ ನಾಲ್ಕು ಭಾರವಾದ ಸ್ವರಗುಚ್ಛ ನುಡಿಸುತ್ತದೆ. ಸ್ವಲ್ಪ ಹೊತ್ತಿಗೆ ವಯೋಲಾಗಳು (ಪಿಟೀಲಿಗಿಂತ ಸ್ವಲ್ಪ ದೊಡ್ಡ ತಂತಿವಾದ್ಯ), ಯಾರ ಆಸರೆಯೂ ಇಲ್ಲದೆ, ಮುಖ್ಯ ರಾಗವನ್ನು ತೊಟ್ಟಿಲು ತೂಗಿದ ಹಾಗೆ ಎತ್ತುತ್ತವೆ. ಅವರ ಕೈಯಿಂದ ಚೆಲ್ಲೊ ಅದನ್ನು ತೆಗೆದುಕೊಳ್ಳುತ್ತದೆ. ಡು ಪ್ರೇ ಎಷ್ಟು ಎಳೆದರೂ ಆರ್ಕೆಸ್ಟ್ರಾ ಅವಸರ ಮಾಡುವುದಿಲ್ಲ. ಚೆಲ್ಲೊ ಬಿಲ್ಲು ಹಿಡಿದು ಬೆಳೆದವರೇ ಅಲ್ಲಿ ಬ್ಯಾಟನ್ ಹಿಡಿದಿದ್ದಾರೆ ಎನ್ನುವುದು ಗೊತ್ತಾಗುತ್ತದೆ.

ಎಂಟನೇ ಹೆಜ್ಜೆ: ಕಂಡಕ್ಟರ್ ಇಲ್ಲದೆಯೂ ಕೇಳಿ

ಮೊಟ್ಸಾರ್ಟ್ ಪಿಯಾನೋ ಮುಂದೆ ಕೂತು ತಾನೇ ಎಲ್ಲರನ್ನೂ ನಡೆಸುತ್ತಿದ್ದ. ಬ್ಯಾಟನ್ ಹಿಡಿದು ಬೇರೆಯಾಗಿ ನಿಲ್ಲುವ ಕಂಡಕ್ಟರ್ ನೆಲೆಯಾಗಿದ್ದು 19ನೇ ಶತಮಾನದಲ್ಲಿ. ಇವತ್ತಿಗೂ ಮಿತ್ಸುಕೊ ಉಚಿದಾ, ಮರ್ರೆ ಪೆರಾಯ, ಡೇನಿಯಲ್ ಬಾರೆನ್‌ಬಾಯ್ಮ್ ಮೊಟ್ಸಾರ್ಟ್‌ನನ್ನು ಪಿಯಾನೋ ಮುಂದಿನಿಂದಲೇ ನಡೆಸಿದ ಧ್ವನಿಮುದ್ರಿಕೆಗಳಿವೆ. ಅವನ್ನು ಕೇಳಿದರೆ ವಾದ್ಯದವರೆಲ್ಲ ಒಬ್ಬರಿಗೊಬ್ಬರು ಹತ್ತಿರ ಕೂತಂತೆ ಅನ್ನಿಸುತ್ತದೆ. ಆದರೆ ಕೃತಿ ದೊಡ್ಡದಾದಷ್ಟೂ ಇದು ಕಷ್ಟ. 1808ರ ಡಿಸೆಂಬರ್ 22ರ ಕೊರೆಯುವ ಚಳಿಯಲ್ಲಿ, ವಿಯೆನ್ನಾದ ಒಂದು ರಂಗಮಂದಿರದಲ್ಲಿ ಬೀಥೋವನ್ ಸುಮಾರು ನಾಲ್ಕು ಗಂಟೆಯ ಕಾರ್ಯಕ್ರಮ ಕೊಟ್ಟ. ನಾವು ಮೊದಲಿಗೆ ಕೇಳಿದ ನಾಲ್ಕನೇ ಕನ್ಚೆರ್ಟೊ ಅವತ್ತಿನದೇ, ಪಿಯಾನೋಗೆ ಅವನೇ ಕೂತಿದ್ದ. ಕೊನೆಯ ಕೃತಿಯಲ್ಲಿ ಆರ್ಕೆಸ್ಟ್ರಾ ದಾರಿ ತಪ್ಪಿತು. ಬೀಥೋವನ್ ನಿಲ್ಲಿಸಿ ಮತ್ತೆ ಶುರು ಮಾಡಿಸಬೇಕಾಯಿತು. ಕಿವಿ ಆಗಲೇ ಕೈಕೊಡುತ್ತಿತ್ತು. ಆಮೇಲೆ ಅವನು ಸಾರ್ವಜನಿಕವಾಗಿ ಕನ್ಚೆರ್ಟೊ ನುಡಿಸಲಿಲ್ಲ.

ಮೈಸೂರಿನಿಂದ ಒಂದು ದಾರಿ

ಇಷ್ಟು ಕೇಳಿದ ಮೇಲೆ ನಮ್ಮವರ ಋಣ ಇರುವ ಎರಡು ಕೃತಿ ಕೇಳಿ. ಜಯಚಾಮರಾಜೇಂದ್ರ ಒಡೆಯರ್ ಕರ್ನಾಟಕ ಸಂಗೀತದ ವಾಗ್ಗೇಯಕಾರರು ಎಂದು ಎಲ್ಲರಿಗೂ ಗೊತ್ತು. ಪಾಶ್ಚಾತ್ಯ ಸಂಗೀತದಲ್ಲೂ ಅವರಿಗೆ ಅಷ್ಟೇ ಆಳದ ಪ್ರೀತಿ. ಲಂಡನ್ನಿನಲ್ಲಿ ಬಡತನದಲ್ಲಿದ್ದ, ಜನ ಮರೆತಿದ್ದ ರಷ್ಯಾದ ನಿಕೊಲಾಯ್ ಮೆಟ್ನರ್ ತಮ್ಮ ಕೃತಿಗಳನ್ನು ತಾವೇ ನುಡಿಸಿ ಧ್ವನಿಮುದ್ರಿಸಲು ಹಣ ಕೊಟ್ಟವರು ಮೈಸೂರಿನ ಮಹಾರಾಜರು. ಫಿಲಾರ್ಮೋನಿಯಾ ಆರ್ಕೆಸ್ಟ್ರಾ ಜೊತೆ 1947ರಲ್ಲಿ ಮೂರು ಪಿಯಾನೋ ಕನ್ಚೆರ್ಟೊಗಳ ಧ್ವನಿಮುದ್ರಣ ಆಯಿತು. ಮೂರನೆಯದನ್ನು ಮೆಟ್ನರ್ ಮಹಾರಾಜರಿಗೇ ಅರ್ಪಿಸಿದ್ದಾರೆ. ಬರೆದವರೇ ಪಿಯಾನೋ ಮುಂದೆ ಕೂತಾಗ ಕಂಡಕ್ಟರ್ ಏನು ಮಾಡುತ್ತಾರೆ ಎಂದು ಅದರಲ್ಲಿ ಕೇಳಬಹುದು.

ಇನ್ನೊಂದು ರಿಚರ್ಡ್ ಸ್ಟ್ರೌಸ್‌ನ ಕೊನೆಯ ನಾಲ್ಕು ಹಾಡುಗಳು. ವಾದ್ಯದ ಬದಲು ಹೆಣ್ಣುದನಿ, ಆದರೆ ಸಂಬಂಧ ಅದೇ. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಗಾಯಕಿ ಕರ್ಸ್ಟನ್ ಫ್ಲಾಗ್‌ಸ್ಟಾಡ್ ಮೊದಲ ಸಲ ಹಾಡಿದರು. ಕಂಡಕ್ಟರ್ ಫುರ್ಟ್‌ವೆಂಗ್ಲರ್. ಆ ಕಾರ್ಯಕ್ರಮಕ್ಕೆ 4,800 ಡಾಲರ್ ಖಾತರಿ ಕೊಟ್ಟವರು ನಮ್ಮ ಮಹಾರಾಜರು. ಸ್ಟ್ರೌಸ್ ಹಿಂದಿನ ವರ್ಷವೇ ತೀರಿಕೊಂಡಿದ್ದ, ಆ ಹಾಡುಗಳನ್ನು ಕೇಳಲಿಲ್ಲ. ಆ ರಾತ್ರಿಯ ಧ್ವನಿಮುದ್ರಿಕೆ ಮೈಸೂರಿಗೆ ಬಂತು.

ಕೊನೆಯ ಹೆಜ್ಜೆ: ಸಭಾಂಗಣಕ್ಕೆ ಹೋಗಿ

ಭಾರತದಲ್ಲಾದರೆ ಮುಂಬೈನ ಎನ್‌ಸಿಪಿಎ ಎಂಬ ಪ್ರದರ್ಶನ ಕಲೆಗಳ ಕೇಂದ್ರದ ಕಡೆ ಕಣ್ಣಿಡಿ. 2006ರಲ್ಲಿ ಶುರುವಾದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಅಲ್ಲೇ ಇದೆ. ಅವರ ಸೀಸನ್‌ಗಳಲ್ಲಿ ಹೊರದೇಶದ ಸೋಲೋ ವಾದಕರು ಬಂದು ನುಡಿಸುತ್ತಾರೆ. ಲಂಡನ್ನಿನಲ್ಲಿರುವ ಕನ್ನಡಿಗರು ಬೇಸಿಗೆಯ ಪ್ರಾಮ್ಸ್ ಕಛೇರಿಗಳಿಗೆ ನಿಂತು ಕೇಳುವ ಟಿಕೆಟ್ ತೆಗೆದುಕೊಳ್ಳಿ. ಕಡಿಮೆ ಬೆಲೆ, ವೇದಿಕೆಗೆ ತುಂಬಾ ಹತ್ತಿರ. ಹೋಗುವ ವಾರ ಆ ಕನ್ಚೆರ್ಟೊವನ್ನು ಮನೆಯಲ್ಲಿ ಮೂರು ಸಲವಾದರೂ ಕೇಳಿಕೊಂಡು ಹೋಗಿ. ಮೂವ್‌ಮೆಂಟ್‌ಗಳ ನಡುವೆ ಚಪ್ಪಾಳೆ ಬೇಡ. ಅನುಮಾನ ಬಂದರೆ ಕಂಡಕ್ಟರ್ ಕೈ ಪೂರ್ತಿ ಇಳಿದು ಅವರು ನಮ್ಮ ಕಡೆ ತಿರುಗುವವರೆಗೆ ಕಾಯಿರಿ.

ಎಲ್ಲಿ ಕೂರಬೇಕು? ಪಿಯಾನೋ ಆದರೆ ನಡುವಿಗಿಂತ ಎಡಕ್ಕೆ, ವಾದಕರ ಬೆರಳು ಕಾಣುತ್ತವೆ. ಬರ್ಲಿನ್ ಫಿಲಾರ್ಮೊನಿಯಂಥ ಕೆಲವು ಸಭಾಂಗಣಗಳಲ್ಲಿ ಆರ್ಕೆಸ್ಟ್ರಾದ ಹಿಂದೆಯೂ ಆಸನಗಳಿವೆ. ಅಲ್ಲಿ ಸೋಲೋ ವಾದಕರ ದನಿ ಸ್ವಲ್ಪ ಮಂಕು, ಯಾಕೆಂದರೆ ಪಿಯಾನೋ ಮುಚ್ಚಳ ಆ ಕಡೆ ತೆರೆದಿರುವುದಿಲ್ಲ. ಆದರೆ ಕಂಡಕ್ಟರ್‌ನ ಮುಖ ಪೂರ್ತಿ ಕಾಣುತ್ತದೆ. ಒಂದು ಸಲವಾದರೂ ಅಲ್ಲಿ ಕೂತುಕೊಳ್ಳಿ. ಕೆಡೆನ್ಜಾ ಬಂದಾಗ ಕೈ ಇಳಿಸಿ, ತಲೆ ಬಾಗಿಸಿ, ಅವರೂ ನಮ್ಮ ಹಾಗೆಯೇ ಕೇಳುತ್ತಾ ನಿಂತಿರುತ್ತಾರೆ. ಟ್ರಿಲ್ ಶುರುವಾದ ತಕ್ಷಣ ಅವರ ಕಣ್ಣು ಮೇಲೇಳುತ್ತದೆ.